ಶೇಷಪ್ಪನವರ ಕೊಲೆ ಮತ್ತು ನನ್ನ ಭೂತಗನ್ನಡಿ

ಮೊನ್ನೆ ಅಟ್ಟ ಗುಡಿಸುತ್ತಿದ್ದ ನನ್ನ ಹೆಂಡತಿ ಮೇಲಿನಿಂದಲೇ, "ರೀ, ನಿಮ್ಮ ಮೂರನೇ ಕಣ್ಣು ಸಿಕ್ತು, ಹಿಡ್ಕೊಳ್ಳಿ" ಎಂದು ಕೂಗಿ ಒಂದು ಬಟ್ಟೆಯ ಗಂಟನ್ನು ಕೆಳಕ್ಕೆ ಇಳಿಬಿಟ್ಟಳು. ಬಿಚ್ಚಿ ನೋಡಿದರೆ ನನ್ನ ಭೂತಗನ್ನಡಿ. ಹಿಡಿ ಸಡಿಲವಾಗಿತ್ತು, ಗಾಜಿನ ಮೇಲೆ ಧೂಳು ಅಂಟಿಕೊಂಡಿತ್ತು. ಪಂಚೆಯ ತುದಿಯಿಂದ ಒರೆಸಿ ಅಂಗೈ ಮೇಲೆ ಹಿಡಿದೆ. ರೇಖೆಗಳೆಲ್ಲ ಕಾಲುವೆಗಳ ಹಾಗೆ ಕಂಡವು. ಭವಿಷ್ಯ ಮಾತ್ರ ಅಂದಿನ ಹಾಗೆ ಇಂದೂ ಕಾಣಲಿಲ್ಲ.

ಅದನ್ನು ಕೋಲಾರದ ಬಸ್ ನಿಲ್ದಾಣದ ಹತ್ತಿರ ಕೊಂಡಿದ್ದೆ. ಆಗ ನಾನು ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಕ್ಕಳಿಗೆ ಎಲೆಯ ನರ ತೋರಿಸಲು ಬೇಕು ಎಂದು ಮನೆಯಲ್ಲಿ ಹೇಳಿದ್ದೆ. ನಿಜ ಸಂಗತಿಯೆಂದರೆ ನಾನೊಂದು ಕೊಲೆಯ ಪತ್ತೆಗೆ ಹೊರಟಿದ್ದೆ. ನಗಬೇಡಿ. ತೊಂಬತ್ತರ ದಶಕದಲ್ಲಿ ಸಣ್ಣ ಊರಿನ ಮೇಷ್ಟ್ರಿಗೆ ಸಂಜೆ ಹೊತ್ತು ಮಾಡಲು ಬೇರೆ ಏನಿತ್ತು ಹೇಳಿ? ಕೆಲವರು ಇಸ್ಪೀಟು ಆಡುತ್ತಿದ್ದರು, ಕೆಲವರು ಸೈಟು ನೋಡುತ್ತಿದ್ದರು. ಎರಡಕ್ಕೂ ದುಡ್ಡು ಬೇಕು. ಹಳೆಯ ಕೊಲೆ ಪುಕ್ಕಟೆ.

ಕೊಲೆಯಾದವರು, ಅಥವಾ ಕೊಲೆಯಾದರು ಎಂದು ನಮ್ಮ ಬೀದಿ ನಂಬಿಕೊಂಡು ಬಂದವರು, ಪುರೋಹಿತ ಶೇಷಪ್ಪನವರು. ಸ್ವಾತಂತ್ರ್ಯಕ್ಕೂ ಮುಂಚಿನ ಮಾತು. ಯುಗಾದಿಯ ಹಿಂದಿನ ದಿನ, ಮರುದಿನ ಆವನಿಯಲ್ಲಿ ಪಂಚಾಂಗ ಓದುವುದಿದೆ ಎಂದು ಮನೆಯಲ್ಲಿ ಹೇಳಿ, ಕೊಡೆ ಹಿಡಿದು ನಡೆದು ಹೊರಟರಂತೆ. ಆವನಿಯವರು ಗುಡಿಯ ಮುಂದೆ ಕೂತು ಕಾದದ್ದೇ ಬಂತು. ಆ ವರ್ಷ ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಏನು ಎಂದು ಆ ಊರಿಗೆ ಗೊತ್ತಾಗಲೇ ಇಲ್ಲ. ದಾರಿಯಲ್ಲಿದ್ದ ಒಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಅವರ ಚಪ್ಪಲಿ, ಕೊಡೆ, ಮಡಿಸಿಟ್ಟ ಶಲ್ಯ ಸಿಕ್ಕವು. ಕಲ್ಯಾಣಿಯ ನೀರೆತ್ತಿಸಿ ನೋಡಿದರೂ ಹೆಣ ಸಿಗಲಿಲ್ಲ. ಕಿವಿಯಲ್ಲಿ ಬಂಗಾರದ ಹತ್ತಕಡಕು ಇತ್ತಲ್ಲ, ಅದಕ್ಕಾಗಿ ಯಾರೋ ಹೊಡೆದು ಹಾಕಿದರು ಎಂದು ಊರು ತೀರ್ಮಾನ ಮಾಡಿತು. ಬೀದಿಯ ಅರ್ಧ ಜನ ಗಟ್ಟಿಯಾಗಿ ಹೇಳುತ್ತಿದ್ದದ್ದು ಇದು. ಉಳಿದ ಅರ್ಧ ಜನ ಮೆತ್ತಗೆ ಹೇಳುತ್ತಿದ್ದದ್ದು ಬೇರೆ: ಅವರು ಓಡಿಹೋದರು.

ಈ ಮೆತ್ತಗಿನ ಮಾತು ಕೇಳಿಸಿಕೊಂಡೇ ಬೆಳೆದವರು ನಮ್ಮ ಪಕ್ಕದ ಮನೆಯ ಸುಬ್ಬಮ್ಮತ್ತೆ, ಶೇಷಪ್ಪನವರ ಒಬ್ಬಳೇ ಮಗಳು. ನಮಗೆ ನೆಂಟರಲ್ಲ, ಆದರೆ ಬೀದಿಗೆಲ್ಲ ಅತ್ತೆ. ಅಪ್ಪ ಹೋದಾಗ ಇನ್ನೂ ಲಂಗ ಉಡುವ ವಯಸ್ಸು. ತಾಯಿ ಕೊನೆಯವರೆಗೂ ಹಣೆಗೆ ಕುಂಕುಮ ಇಟ್ಟುಕೊಂಡೇ ಇದ್ದರು. ಹೆಣ ಸಿಗದೆ ನಾನು ಅಳಿಸುವುದಿಲ್ಲ ಎಂದರಂತೆ. ಅದಕ್ಕೂ ಜನ ನಕ್ಕರು. ಓಡಿಹೋದವನ ಮಗಳು ಎಂದು ಸುಬ್ಬಮ್ಮತ್ತೆಗೆ ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಎದ್ದುಹೋದರು. ಕೊನೆಗೆ ಮದುವೆಯಾದದ್ದು ತಡವಾಗಿ, ದೂರದ ಊರಿನ ಎರಡನೇ ಸಂಬಂಧಕ್ಕೆ. ಆತನೂ ಬೇಗ ತೀರಿಕೊಂಡು, ಅತ್ತೆ ಮತ್ತೆ ಅದೇ ಮನೆಗೆ ಬಂದು ನಿಂತಿದ್ದರು.

ಅವರ ಹೆಸರು ಬಂತೆಂದರೆ ನನಗೆ ಚಕ್ಕುಲಿ ನೆನಪಾಗುತ್ತದೆ. ನಮ್ಮ ತಾತ ಗೋಕುಲಾಷ್ಟಮಿಯ ದಿನವೇ ತೀರಿಕೊಂಡಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಆ ಹಬ್ಬ ನಿಂತುಹೋಗಿತ್ತು. ನಮ್ಮ ಕಡೆ ನಿಮಗೂ ಗೊತ್ತಿರುವ ಪದ್ಧತಿಯೇ ಇದು: ಹಬ್ಬದ ದಿನ ಮನೆಯವರು ಯಾರಾದರೂ ಹೋದರೆ ಆ ಹಬ್ಬ ಆ ಮನೆಗಿಲ್ಲ. ಅದೇ ದಿನ ಮನೆಯಲ್ಲಿ ಮಗು ಹುಟ್ಟಬೇಕು, ಇಲ್ಲ ಕೊಟ್ಟಿಗೆಯಲ್ಲಿ ಹಸು ಕರು ಹಾಕಬೇಕು; ಆಗ ಹಬ್ಬ ವಾಪಸು ಬರುತ್ತದೆ. ಇಡೀ ಬೀದಿ ಎಣ್ಣೆ ಬಾಣಲೆಯ ವಾಸನೆಯಲ್ಲಿ ತೇಲುತ್ತಿರುವಾಗ ನಾನು ಮಾತ್ರ ಹುಳಿ ಅನ್ನ ಕಲಸಿಕೊಂಡು ಕೂತು, ತಾತ ಇನ್ನೊಂದು ದಿನ ತಡೆದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಯೋಚಿಸುತ್ತಿದ್ದೆ. ಆಗ ಸುಬ್ಬಮ್ಮತ್ತೆ ತಟ್ಟೆಯಲ್ಲಿ ಚಕ್ಕುಲಿ, ಕೋಡುಬಳೆ, ತೇಂಗೊಳಲು ಜೋಡಿಸಿ ಮೇಲೊಂದು ಬಾಳೆಲೆ ಮುಚ್ಚಿಕೊಂಡು ಬರುತ್ತಿದ್ದರು. "ಹಬ್ಬ ಇಲ್ಲದ ಮನೆಗೆ ಅಕ್ಕಪಕ್ಕದೋರೇ ಕೊಡ್ಬೇಕು ಕಣೋ" ಎಂದು ನನ್ನ ಕೈಗೇ ಕೊಡುತ್ತಿದ್ದರು. ಮುಂದೆ ನಮ್ಮ ಚಿಕ್ಕಪ್ಪನಿಗೆ ಅಷ್ಟಮಿಯ ಬೆಳಗ್ಗೆ ಗಂಡು ಮಗುವಾಗಿ ನಮ್ಮ ಹಬ್ಬ ತಿರುಗಿ ಬಂತು. ಆ ತಮ್ಮ ತಾನೇ ಕೃಷ್ಣ ಎನ್ನುವ ಠೀವಿಯಲ್ಲಿ ಬೆಳೆದ. ಈಗಲೂ ಹಾಗೆಯೇ ಇದ್ದಾನೆ.

ಎಲ್ಲಿಂದ ಎಲ್ಲಿಗೋ ಹೋದೆ. ಪತ್ತೇದಾರಿಕೆಯಲ್ಲಿ ನನ್ನ ಜೊತೆಗಾರ ಮಾಲೂರಿನ ಮುನಿರಾಜು, ಕಾಲೇಜಿನ ಗೆಳೆಯ. ಇಟ್ಟಿಗೆ ಗೂಡು ನಡೆಸುತ್ತಿದ್ದ. ಭಾನುವಾರ ಬಸ್ಸು ಹತ್ತಿ ಮುಳಬಾಗಿಲಿಗೆ ಬರುತ್ತಿದ್ದ. ಮೊದಲ ದಿನವೇ ಅವನು ಪ್ರಕರಣ ಬಿಡಿಸಿಬಿಟ್ಟ.

"ಲೇ ಮೇಷ್ಟ್ರೇ, ಹೆಣ ಯಾಕೆ ಸಿಗಲಿಲ್ಲ ಅಂದ್ರೆ ಗೂಡಲ್ಲಿ ಹಾಕವ್ರೆ ಕಣೋ. ಗೂಡು ಒಂದ್ಸಲ ಹತ್ಕೊಂಡ್ರೆ ಮೂಳೇನೂ ಸಿಗಲ್ಲ."

"ಅಲ್ಲಿ ಆ ಕಾಲದಲ್ಲಿ ಗೂಡು ಎಲ್ಲಿತ್ತೋ?"

"ಇಟ್ಟಿಗೆ ಇಲ್ದೆ ಮನೆ ಎಂಗ್ಲಾ ಕಟ್ಟುದ್ರು?" ಎಂದ.

ನನ್ನ ಹೆಂಡತಿ ಅಡುಗೆ ಮನೆಯಿಂದಲೇ, "ಕೊಲೆಯೂ ಇಲ್ಲ, ಗೂಡೂ ಇಲ್ಲ. ಯಾವಳೋ ಇರ್ತಾಳೆ ನೋಡಿ" ಎಂದಳು. ಅವಳಿಗೆ ಗಂಡಸರ ಮೇಲೆ ಮೊದಲಿನಿಂದಲೂ ಅಷ್ಟೇ ಅಭಿಪ್ರಾಯ. ನಾನು ವಿಜ್ಞಾನದವನು, ಪುರಾವೆ ಇಲ್ಲದೆ ಮಾತಾಡುವುದಿಲ್ಲ ಎಂದೆ. ನನ್ನ ಪುರಾವೆ ಮೆಟ್ಟಿಲಿನ ಮೇಲೆ ಚಪ್ಪಲಿ ಜೋಡಿಯಾಗಿ ಇದ್ದದ್ದು. ಚಪ್ಪಲಿ ಬಿಟ್ಟು ಕೈಕಾಲು ತೊಳೆಯಲು ಇಳಿದಿದ್ದಾರೆ, ಹಿಂದಿನಿಂದ ಹೊಡೆದಿದ್ದಾರೆ. ಈಗ ಯೋಚಿಸಿದರೆ ಮೂವರೂ ಒಂದೇ ಕೆಲಸ ಮಾಡಿದ್ದೆವು. ಶೇಷಪ್ಪನವರನ್ನು ನಮ್ಮ ನಮ್ಮ ಮನೆಗೆ ಕರೆದುಕೊಂಡು ಹೋಗಿ, ಅಲ್ಲಿಯ ರೀತಿಯಲ್ಲಿ ಮಾಯ ಮಾಡುತ್ತಿದ್ದೆವು.

ಸ್ಥಳ ಪರಿಶೀಲನೆಗೆಂದು ಒಂದು ಭಾನುವಾರ ಆ ಕಲ್ಯಾಣಿಗೆ ಹೋದೆವು. ಬಿರುಬೇಸಿಗೆ. ಮುನಿರಾಜು ಅಳತೆ ಟೇಪು ಹಿಡಿದು ಮೆಟ್ಟಿಲುಗಳನ್ನು ಅಳೆದ. ನಾನು ಭೂತಗನ್ನಡಿ ಹಿಡಿದು ಕಲ್ಲುಗಳನ್ನು ನೋಡಿದೆ. ಅರವತ್ತು ಮಳೆಗಾಲ ತೊಳೆದ ಕಲ್ಲಿನಲ್ಲಿ ಏನು ಹುಡುಕುತ್ತಿದ್ದೆ ಎಂದು ನನಗೇ ತಿಳಿಯದು. ತಲೆ ಎತ್ತಿದರೆ ಮೇಲೆ ಸುತ್ತಲೂ ಜನ ನಿಂತಿದ್ದಾರೆ. ಒಬ್ಬ ಹಿರಿಯ ತೆಲುಗಿನಲ್ಲಿ, "ಏಮಿ ವೆತುಕುತುನ್ನಾರು ಸಾಮಿ?" ಎಂದ, ಏನು ಹುಡುಕುತ್ತಿದ್ದೀರಿ ಅಂತ. ಕೊಲೆ ಎಂದೆ. ಯಾರದ್ದು ಎಂದ. ಹಳೇದು ಎಂದೆ. ಆತ ತಲೆಯಾಡಿಸಿದ, ನಂಬಲಿಲ್ಲ.

"ನಿಧಿ ತೆಗೆಯೋಕೆ ಬಂದವ್ರೆ, ಚೀಲ ನೋಡ್ರಲಾ" ಎಂದು ಇನ್ನೊಬ್ಬ ಕೂಗಿದ. ಚೀಲದಲ್ಲಿ ಸಿಕ್ಕಿದ್ದು ನಿಂಬೆಹಣ್ಣು. ಷರಬತ್ತಿಗೆಂದು ಮುನಿರಾಜು ತಂದಿದ್ದ. ಅವನ ಜೇಬಿನಲ್ಲಿ ಬೆಳಗ್ಗೆ ಗುಡಿಯಲ್ಲಿ ಕೊಟ್ಟ ಕುಂಕುಮದ ಪೊಟ್ಟಣ. ಸರಿ, ನಿಂಬೆಹಣ್ಣು, ಕುಂಕುಮ, ಅಳತೆ ಟೇಪು, ಮೇಲೆ ಭೂತದ ಹೆಸರಿನದೇ ಒಂದು ಕನ್ನಡಿ. ಇನ್ನೇನು ಬೇಕು? ಅವರ ತರ್ಕದಲ್ಲಿ ಒಂದೇ ಒಂದು ತಪ್ಪು ನನಗೆ ಕಾಣಲಿಲ್ಲ. ಪುಣ್ಯಕ್ಕೆ ಗುಂಪಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ, ಮೀಸೆ ಬಂದು ಹೆಂಡತಿ ಮಕ್ಕಳಿರುವ ಆಳು. "ಏಯ್, ನಮ್ಮ ಸೈನ್ಸ್ ಮೇಷ್ಟ್ರು ಕಣ್ರಲಾ. ಇವರ ಕೈಲಿ ನಿಧಿಯೆಲ್ಲ ತೆಗೆಯೋಕಾಗಲ್ಲ, ಬಿಡ್ರಿ" ಎಂದು ಬಿಡಿಸಿದ. ಆ ನಿಂಬೆಹಣ್ಣನ್ನು ಅಲ್ಲೇ ಹಿಂಡಿ ಎಲ್ಲರಿಗೂ ಷರಬತ್ತು ಮಾಡಿಕೊಟ್ಟು ಬಂದೆವು.

ಈ ಸುದ್ದಿ ನಮಗಿಂತ ಮೊದಲೇ ಬೀದಿ ತಲುಪಿತ್ತು. ಸಂಜೆ ಸುಬ್ಬಮ್ಮತ್ತೆ ನನ್ನನ್ನು ಕರೆದರು. ಬೈಯುತ್ತಾರೆ ಎಂದು ಹೆದರಿಕೊಂಡೇ ಹೋದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು.

"ನಮ್ಮಪ್ಪನ್ನ ಹುಡುಕ್ತಿದ್ದೀಯಂತೆ."

"ಸುಮ್ನೆ ಕುತೂಹಲ ಅತ್ತೆ. ಬೇಡ ಅಂದ್ರೆ ಬಿಟ್ಬಿಡ್ತೀನಿ."

"ಬಿಡ್ಬೇಡ. ಯಾರು ಕೊಂದ್ರು ಅಂತ ನಂಗೆ ಬೇಡ. ಅವರು ವಾಪಸು ಬರ್ಬೇಕು ಅಂತಿದ್ದು, ಬರೋಕಾಗದೆ ಹೋದರೋ, ಅಥವಾ ನಾವು ಬೇಡ ಅಂತ ಹೋದರೋ, ಅಷ್ಟು ಹೇಳು ಸಾಕು."

ಅವರೇ ಅಕ್ಕಿ ಕೇರುತ್ತ, "ಕೊಂದಿದ್ರೆ ಒಳ್ಳೇದಪ್ಪ" ಎಂದರು. ತಂದೆಯ ಕೊಲೆಯಾಗಿರಲಿ ಎಂದು ಬಯಸುವ ಮಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿಯವರೆಗೆ ನನಗೆ ಅದು ಭಾನುವಾರದ ಆಟ. ಆ ಸಂಜೆ ಹೇಗಾದರೂ ಮಾಡಿ ಅತ್ತೆಗೊಂದು ಕೊಲೆ ದೊರಕಿಸಿಕೊಡಬೇಕು ಎಂದು ನಿಶ್ಚಯಿಸಿದೆ. ಪತ್ತೇದಾರ ಹೀಗೆ ನಿಶ್ಚಯಿಸಿದ ಮೇಲೆ ಪುರಾವೆಗಳಿಗೆ ಪಾಪ ಬೇರೆ ದಾರಿ ಇರುವುದಿಲ್ಲ.

ಆಮೇಲೆ ಕೆಲವು ವರ್ಷ ಏನೂ ನಡೆಯಲಿಲ್ಲ. ಹಳಬರನ್ನು ಮಾತಾಡಿಸಿದರೆ ಒಬ್ಬೊಬ್ಬರೂ ಒಂದೊಂದು ಬಣ್ಣದ ಕೊಡೆ ಹೇಳಿದರು. ಹೊಸ ಶತಮಾನ ಬಂತು. ಆ ವರ್ಷ ನನಗೆ ಪರೀಕ್ಷೆಯ ಕೆಲಸ ಬಿದ್ದದ್ದು ಶ್ರೀನಿವಾಸಪುರದ ಆಚೆಯ ಒಂದು ಹಳ್ಳಿಯ ಶಾಲೆಗೆ. ಸುತ್ತ ಎಲ್ಲಿ ನೋಡಿದರೂ ಮಾವಿನ ತೋಪು. ಶಾಲೆಯ ಪಕ್ಕದ ತೋಪಿನ ಯಜಮಾನ ವೆಂಕಟೇಶಪ್ಪ ಪರೀಕ್ಷೆಗೆ ಬಂದ ಮೇಷ್ಟ್ರುಗಳಿಗೆಲ್ಲ ತನ್ನ ಮನೆಯಿಂದ ಮಜ್ಜಿಗೆ ಕೊಡುತ್ತಿದ್ದ. ಯುಗಾದಿ ಕಳೆದ ಮರುದಿನ ಅವನ ಮನೆ ಜಗಲಿಯ ಮೇಲೆ ಕೂತಿದ್ದೆ. ಊರಿನ ಎಲ್ಲ ಬಾಗಿಲಿಗೂ ಹಸಿ ತೋರಣ, ಗುಡಿಸಲಿಗೂ ಇತ್ತು. ಅಷ್ಟು ದೊಡ್ಡ ತೋಪಿನ ಒಡೆಯನ ಬಾಗಿಲಿಗೆ ಒಂದು ಮಾವಿನೆಲೆ ಇಲ್ಲ.

"ಯಾಕಪ್ಪಾ, ಹಬ್ಬ ಮಾಡಲಿಲ್ವಾ?" ಎಂದೆ.

"ನಮ್ಗೆ ಉಗಾದಿ ಇಲ್ಲ ಸಾ. ಮುಳಬಾಗ್ಲು ಕಡೆಯಿಂದ ಬಂದಿದ್ದ ಅಯ್ಯೋರು ಒಬ್ರು ಉಗಾದಿ ದಿನಾನೇ ಈ ಮನೇಲಿ ತೀರ್ಕೊಂಡ್ರು. ಅವತ್ತಿಂದ ಹಬ್ಬ ನಿಂತೋಯ್ತು."

ನಾನು ಮಜ್ಜಿಗೆ ಲೋಟ ಕೆಳಗಿಟ್ಟು ಅವನ ಕಡೆ ತಿರುಗಿ ಕೂತೆ.

"ಆ ದಿನ ಅವರಿಗೆ ಎಡೆ ಇಡ್ತೀವಿ, ಈರುಳ್ಳಿ ಬೆಳ್ಳುಳ್ಳಿ ಹಾಕ್ದೆ. ನಮ್ಮವ್ವ ಹಂಗೇ ಮಾಡ್ಬೇಕು ಅಂತ ಹೇಳಿ ಹೋಗವ್ಳೆ. ಹಬ್ಬದ ದಿನ ಹಸು ಕರು ಹಾಕ್ತದೇನೋ ಅಂತ ವರ್ಷಾ ವರ್ಷಾ ಕಾಯ್ತೀವಿ ಸಾ. ಹಬ್ಬ ದಾಟಿದ್ಮೇಲೇ ಹಾಕ್ತದೆ, ಹಾಳಾದ್ದು!" ಎಂದು ನಕ್ಕ.

ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿತು. ಬಾರಿಸದಿದ್ದರೂ ನಾನು ಮುಂದೆ ಏನೂ ಕೇಳುತ್ತಿರಲಿಲ್ಲ. ಕೇಳುವುದಕ್ಕೆ ಏನು ಉಳಿದಿತ್ತು? ಯುಗಾದಿಯ ಹಿಂದಿನ ದಿನ ಮುಳಬಾಗಿಲು ಬಿಟ್ಟ ಪುರೋಹಿತ, ಯುಗಾದಿಯ ದಿನ ಇಲ್ಲಿ ಸತ್ತಿದ್ದಾರೆ. ಹತ್ತಕಡಕಿನ ಆಸೆಗೆ ಹಿಡಿದು ತಂದಿದ್ದಾರೆ, ಕೊಂದಿದ್ದಾರೆ. ಬ್ರಾಹ್ಮಣನನ್ನು ಕೊಂದ ಭಯ ಮನೆಯನ್ನು ಹಿಡಿದಿದೆ. ಅದಕ್ಕೇ ಹಬ್ಬ ಇಲ್ಲ, ಅದಕ್ಕೇ ಈರುಳ್ಳಿಯಿಲ್ಲದ ಎಡೆ, ಪ್ರೇತ ಶಾಂತವಾಗಿರಲಿ ಎಂದು. ಮಜ್ಜಿಗೆ ಕೊಟ್ಟವನ ತಾತನನ್ನು ನಾನು ಮಜ್ಜಿಗೆ ಮುಗಿಯುವುದರೊಳಗೆ ಕೊಲೆಗಡುಕನನ್ನಾಗಿ ಮಾಡಿಬಿಟ್ಟೆ. ಪರೀಕ್ಷಾ ಕೊಠಡಿಯಲ್ಲಿ ಒಬ್ಬನೇ ನಗುತ್ತ ಓಡಾಡಿದ ಮೇಲ್ವಿಚಾರಕ ಆ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಊರಿಗೆ ಬಂದವನೇ ಮುನಿರಾಜುವಿಗೆ ಫೋನು ಮಾಡಿದೆ. "ಗೂಡು ಇತ್ತಾ ಅಲ್ಲಿ?" ಎಂದು ಕೇಳಿದ. ಹೆಂಡತಿಗೂ ಹೇಳಿದೆ. ನಾನು ಚಪ್ಪಲಿ ಕೂಡ ಹಾಕಿಕೊಳ್ಳದೆ ಸುಬ್ಬಮ್ಮತ್ತೆಯ ಮನೆಗೆ ಹೋದೆ. ಅವರ ಬಾಗಿಲಿನ ತೋರಣ ಬಾಡುತ್ತಿತ್ತು. ಹಬ್ಬದ ಒಬ್ಬಟ್ಟು ಒಂದು ತಟ್ಟೆಗೆ ಹಾಕಿಕೊಟ್ಟರು. ತಿನ್ನುತ್ತಲೇ ಎಲ್ಲ ಹೇಳಿದೆ. ಕೊಲೆ ಸಾಬೀತಾಗಿದೆ, ಅಪ್ಪ ನಿಮ್ಮನ್ನು ಬಿಟ್ಟು ಹೋಗಲಿಲ್ಲ, ಅತ್ತೆ, ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತು ಆ ಮುಖ ಹುಡುಗಿಯ ಹಾಗಿತ್ತು. ಆಮೇಲೆ ನಿಧಾನವಾಗಿ ಕೇಳಿದರು.

"ಕರು ಹುಟ್ಟಲಿ ಅಂತ ಕಾಯ್ತಿದ್ದಾರಾ?"

"ಹೂಂ. ಹಬ್ಬ ದಾಟಿದ ಮೇಲೇ ಹಾಕುತ್ತಂತೆ."

"ಎಡೇಗೆ ಈರುಳ್ಳಿ ಹಾಕಲ್ವಾ?"

"ಹಾಕಲ್ಲ. ಹೆದರಿಕೆ ಅತ್ತೆ. ಪ್ರೇತ..."

"ನಿಮ್ಮನೇಲಿ ಅಷ್ಟಮಿ ಯಾಕೋ ನಿಂತಿತ್ತು?"

"ತಾತ ಹೋಗಿದ್ರಲ್ಲ."

"ಬೀದೀಲಿ ಬೇರೆ ಯಾರಾದ್ರೂ ಹೋಗಿದ್ರೆ ನಿಲ್ತಿತ್ತೇನೋ?"

ನಾನು ಕೈಯಲ್ಲಿದ್ದ ಒಬ್ಬಟ್ಟನ್ನು ತಟ್ಟೆಗಿಟ್ಟೆ.

"ಕೊಂದವರು ಹಬ್ಬ ಬಿಡಲ್ಲ ಕಣೋ. ಬಿಡೋದು ಮನೆಯೋರು. ಹೆದರಿಕೊಂಡು ಎಡೆ ಇಡೋರಿಗೆ, ಈ ಮನುಷ್ಯ ಈರುಳ್ಳಿ ತಿಂತಿರಲಿಲ್ಲ ಅಂತ ಇಷ್ಟು ಕಾಲ ನೆನಪಿರುತ್ತಾ? ಅದು ದಿನಾ ಬಡಿಸಿದ ಕೈಗೆ ಮಾತ್ರ ನೆನಪಿರುತ್ತೆ." ಅತ್ತೆ ಗೋಡೆಗೆ ಒರಗಿದರು. "ಅಲ್ಲೇ ಇದ್ದರು. ಎಷ್ಟೋ ವರ್ಷ ಇದ್ದು, ವಯಸ್ಸಾಗಿ ಹೋದರು."

ಹಬ್ಬ ನಿಂತ ಮನೆಯಲ್ಲೇ ಚಕ್ಕುಲಿಗೆ ಬಾಯಿ ಬಿಡುತ್ತ ಬೆಳೆದವನು ನಾನು. ನನಗೆ ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಕೊಲೆ ಬೇಕಾಗಿತ್ತು, ಹಾಗಾಗಿ ಕೊಲೆಯೇ ಕಂಡಿತು. ತಪ್ಪನ್ನು ತೇಪೆ ಹಾಕಲು ಹೊರಟೆ. ದಾರಿ ತಪ್ಪಿ, ಬಿಸಿಲು ಹತ್ತಿ ಆ ಊರಿಗೆ ಹೋಗಿರಬಹುದು, ಆ ಯುಗಾದಿಯ ದಿನವೇ ಅವರ ಜಗಲಿಯ ಮೇಲೆ ಜೀವ ಬಿಟ್ಟಿರಬಹುದು, ಒಳ್ಳೆಯ ಜನ, ಮನೆಯವರಂತೆ ನಡೆಸಿಕೊಂಡಿರಬಹುದು ಎಂದೆಲ್ಲ ಹೇಳಿದೆ. ಅವರು ಬೇರೆ ಯಾರೋ ಅಯ್ಯೋರೇ ಇರಬಹುದು, ನಾಳೆಯೇ ಹೋಗಿ ಯಾವ ವರ್ಷ ಅಂತ ಕೇಳಿಕೊಂಡು ಬರ್ತೀನಿ ಎಂದೆ.

"ನನ್ನ ಸಮಾಧಾನಕ್ಕೆ ಕಥೆ ಕಟ್ಬೇಡ" ಎಂದರು ಅತ್ತೆ. "ಹೋಗಲೂ ಬೇಡ. ಅವರ ಅಯ್ಯೋರು ಅವರಿಗಿರ್ಲಿ. ಪಾಪ, ಕರು ಕಾಯ್ತಾ ಕೂತಿರೋ ಜನ."

ಅತ್ತೆಯೇ ಮತ್ತೆ, "ಅಮ್ಮ ಕುಂಕುಮ ಇಟ್ಕೊಂಡಿದ್ದು ಸುಳ್ಳಾಗ್ಲಿಲ್ಲ ನೋಡು" ಎಂದರು. ಆ ಮಾತಿನಲ್ಲಿ ಸಿಟ್ಟು ಇತ್ತೋ ಸಮಾಧಾನ ಇತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಎರಡೂ ಇದ್ದವು ಎಂದುಕೊಂಡಿದ್ದೇನೆ. ಆಮೇಲೆ ನನ್ನ ತಟ್ಟೆಯ ಕಡೆ ನೋಡಿದರು. ಅರ್ಧ ಒಬ್ಬಟ್ಟು ಉಳಿದಿತ್ತು. "ಆ ದಿನ ನಾವು ವರ್ಷಾ ವರ್ಷಾ ಒಬ್ಬಟ್ಟು ಮಾಡ್ಕೊಂಡು ತಿಂದಿದ್ದೀವಲ್ಲೋ" ಎಂದರು. ಅಷ್ಟು ಹೊತ್ತು ಅಳದವರು ಆಗ ಅತ್ತರು. ನನಗೂ ತಡೆಯಲಾಗಲಿಲ್ಲ. ಮನೆಗೆ ಬಂದು ಭೂತಗನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದೆ. ಹೆಂಡತಿ, ನಾನು ಮೊದಲೇ ಹೇಳಿರಲಿಲ್ಲವೇ ಎನ್ನಲಿಲ್ಲ. ಅದೊಂದೇ ಕಾರಣಕ್ಕೆ ಅವಳ ಬಗ್ಗೆ ನನಗೆ ಈಗಲೂ ಗೌರವ.

ಮುಂದಿನ ವರ್ಷ ಯುಗಾದಿಯ ಬೆಳಗ್ಗೆ ಬಾಗಿಲಿಗೆ ತೋರಣ ಕಟ್ಟುತ್ತಿದ್ದೆ. ಪಕ್ಕದ ಮನೆಯಿಂದ ಬೇಳೆ ಬೇಯುವ ವಾಸನೆ ಬರಲಿಲ್ಲ. ಅತ್ತೆಯ ಹೊಸ್ತಿಲಲ್ಲಿ ರಂಗೋಲಿ ಇಲ್ಲ, ಬಾಗಿಲಿಗೆ ಒಂದು ಎಲೆ ಇಲ್ಲ. ಹುಷಾರಿಲ್ಲವೇನೋ ಎಂದು ಎದುರು ಮನೆಯ ಹೆಂಗಸೊಬ್ಬರು ಬೀದಿಯಲ್ಲೇ ನಿಂತು ಕೂಗಿದರು:

"ಏನ್ರೀ ಸುಬ್ಬಮ್ಮನೋರೇ, ಹಬ್ಬ ಮಾಡಲ್ವಾ?"

ಅತ್ತೆ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಜಗಲಿಗೆ ಬಂದರು. ಓಡಿಹೋದವನ ಮಗಳು ಎಂದು ಅವರನ್ನು ಆಡಿಕೊಂಡಿದ್ದ ಬೀದಿ ಅದೇ. ಅದರ ಆ ತುದಿಗೂ ಈ ತುದಿಗೂ ಕೇಳುವ ಹಾಗೆ ಉತ್ತರ ಕೊಟ್ಟರು:

"ನಮ್ಮನೇಲಿ ಉಗಾದಿ ಇಲ್ಲ ಕಣ್ರೀ. ನಮ್ಮಪ್ಪ ಹೋದ ದಿನ."

ನಾನು ತೋರಣ ಅರ್ಧಕ್ಕೇ ಬಿಟ್ಟು ಒಳಗೆ ಹೋದೆ. ಹೆಂಡತಿ ಆಗಲೇ ತಟ್ಟೆಯಲ್ಲಿ ಒಬ್ಬಟ್ಟು ಜೋಡಿಸಿ, ತುಪ್ಪದ ಬಟ್ಟಲು ಇಟ್ಟು, ಮೇಲೊಂದು ಬಾಳೆಲೆ ಮುಚ್ಚುತ್ತಿದ್ದಳು. ತಟ್ಟೆ ತೆಗೆದುಕೊಂಡು ಹೋಗಿ ಅತ್ತೆಯ ಕೈಗೇ ಕೊಟ್ಟೆ.